ತುಕ್ಕು ತಿಂದ ಹೊಸ್ತಿಲು

ಇಂಗ್ಲೆಂಡಿನಲ್ಲಿ ಹಳೆಯ ಎಂ.ಜಿ.ಬಿ. ಕಾರೊಂದನ್ನು ಕೊಳ್ಳಲು ಹೋಗುವ ತಿಳಿವಳಿಕಸ್ಥರು ಬಣ್ಣದ ಹೊಳಪಿಗೆ ಮರುಳಾಗುವುದಿಲ್ಲ. ಎಂಜಿನ್ನಿನ ಸದ್ದು ಕೇಳಲೂ ಅವಸರಪಡುವುದಿಲ್ಲ. ಮೊದಲು ಬಾಗಿಲನ್ನು ಒಮ್ಮೆ ತೆರೆದು ಹಾಕುತ್ತಾರೆ. ಆಮೇಲೆ ಕಾರಿನ ಒಂದು ಪಕ್ಕಕ್ಕೆ ಜಾಕ್ ಕೊಟ್ಟು ಮೆಲ್ಲಗೆ ಎತ್ತುತ್ತಾರೆ. ಚಕ್ರ ನೆಲ ಬಿಟ್ಟ ಮೇಲೆ ಅದೇ ಬಾಗಿಲನ್ನು ಮತ್ತೆ ತೆರೆದು ಹಾಕುತ್ತಾರೆ. ಮೊದಲಿನಂತೆಯೇ ಕೂತರೆ ಸರಿ. ಚೌಕಟ್ಟಿಗೆ ಉಜ್ಜಿಕೊಂಡರೆ, ಇಲ್ಲವೇ ಸಿಕ್ಕಿಹಾಕಿಕೊಂಡರೆ, ಜಾಕ್ ಇಳಿಸಿ, ಕೈ ಒರೆಸಿಕೊಂಡು ಬೆಲೆ ಇಳಿಸುವ ಮಾತಿಗೆ ತೊಡಗುತ್ತಾರೆ.

ಹಾಗಾದರೆ ಕೆಟ್ಟಿರುವುದು ಬಾಗಿಲೇ? ಅಲ್ಲ. ಬಾಗಿಲ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಚಾಚಿಕೊಂಡಿರುವ ತಗಡಿನ ಪಟ್ಟಿ ಕೆಟ್ಟಿದೆ. ಇಂಗ್ಲಿಷರು ಅದನ್ನು 'ಸಿಲ್' ಎನ್ನುತ್ತಾರೆ. ನಮ್ಮ ಮಾತಿನಲ್ಲಿ ಹೊಸ್ತಿಲು. ಕಾರು ಹತ್ತುವಾಗ ಕಾಲು ದಾಟಿಸುವ ಜಾಗ ಎಂಬುದಷ್ಟೇ ನಮಗೆ ಗೊತ್ತು. ಆದರೆ ಈ ಕಾರಿನ ಬೆನ್ನುಮೂಳೆ ಇರುವುದು ಅಲ್ಲಿ!

ಎಂ.ಜಿ. ಎಂಬ ಹೆಸರು 2019ರಿಂದ ನಮ್ಮ ರಸ್ತೆಗಳಲ್ಲೂ ಓಡಾಡುತ್ತಿದೆ. ಅವು ಹೊಸ ಕಾಲದ ಕಾರುಗಳು. ಹೆಸರು ಕೂಡ ಈಗ ಚೀನಾದ ಕಂಪನಿಯ ಸ್ವತ್ತು. ಇಲ್ಲಿ ಹೇಳುತ್ತಿರುವುದು 1962ರಿಂದ 1980ರವರೆಗೆ ಆಕ್ಸ್‌ಫರ್ಡ್ ಬಳಿಯ ಆಬಿಂಗ್‌ಡನ್ ಎಂಬ ಊರಿನಲ್ಲಿ ಜೋಡಿಸಲ್ಪಟ್ಟ, ಎರಡು ಬಾಗಿಲಿನ ಪುಟ್ಟ ಸ್ಪೋರ್ಟ್ಸ್ ಕಾರಿನ ಕಥೆ. ಸುಮಾರು 5 ಲಕ್ಷ ಕಾರುಗಳು ಅಲ್ಲಿಂದ ಹೊರಬಿದ್ದವು. ನಮ್ಮವರಿಗೆ ಇದು ತೀರ ಅಪರಿಚಿತವೂ ಅಲ್ಲ. ಇದರ 1798 ಸಿ.ಸಿ. ಎಂಜಿನ್ ಮತ್ತು ನಮ್ಮ ಅಂಬಾಸಿಡರ್ ಕಾರಿನಲ್ಲಿ ದಶಕಗಳ ಕಾಲ ದುಡಿದ 1489 ಸಿ.ಸಿ. ಪೆಟ್ರೋಲ್ ಎಂಜಿನ್ ಒಂದೇ 'ಬಿ' ಸರಣಿಗೆ ಸೇರಿದ ದಾಯಾದಿಗಳು.

ಚಾಸಿ ಇಲ್ಲದ ಕಾರು

ಲಾರಿಯನ್ನು ಬಗ್ಗಿ ನೋಡಿದವರಿಗೆ ಚಾಸಿ ಎಂದರೇನೆಂದು ಹೇಳಬೇಕಾಗಿಲ್ಲ. ಎರಡು ಉದ್ದನೆಯ ಉಕ್ಕಿನ ತೊಲೆಗಳು, ಅವನ್ನು ಕೂಡಿಸುವ ಅಡ್ಡಪಟ್ಟಿಗಳು. ಭಾರವನ್ನೆಲ್ಲ ಹೊರುವುದು ಅವೇ. ಮೇಲಿನ ಬಾಡಿ ಬರಿಯ ಹೊದಿಕೆ. ಎಂ.ಜಿ.ಬಿ.ಗಿಂತ ಮೊದಲು ಬರುತ್ತಿದ್ದ ಎಂ.ಜಿ.ಎ. ಕಾರು ಇದೇ ಬಗೆಯದು. 1962ರ ಹೊಸ ಕಾರಿನಲ್ಲಿ ಚಾಸಿಯನ್ನೇ ಕೈಬಿಡಲಾಯಿತು. ತಗಡುಗಳನ್ನು ಮಡಿಸಿ, ಒತ್ತಿ, ಒಂದಕ್ಕೊಂದು ಬೆಸೆದು, ಆ ಪೊಳ್ಳು ಗೂಡೇ ಭಾರ ಹೊರುವಂತೆ ಮಾಡಿದರು. ಇದಕ್ಕೆ 'ಮಾನೊಕಾಕ್' ಎಂದು ಹೆಸರು. ಕೋಳಿಮೊಟ್ಟೆಯ ಚಿಪ್ಪು ಇದ್ದ ಹಾಗೆ. ಒಳಗೆ ಕಂಬವಿಲ್ಲ, ತೊಲೆಯಿಲ್ಲ, ಬಲವೆಲ್ಲ ಚಿಪ್ಪಿನದೇ.

ಮೇಲ್ಛಾವಣಿ ಇರುವ ಕಾರಿನಲ್ಲಿ ಛಾವಣಿಯೂ ಒಂದಿಷ್ಟು ಭಾರ ಹಂಚಿಕೊಳ್ಳುತ್ತದೆ. ತೆರೆದ ಎಂ.ಜಿ.ಬಿ.ಗೆ ಅದೂ ಇಲ್ಲ. ಮುಂದಿನ ಎಂಜಿನ್ ಭಾಗಕ್ಕೂ ಹಿಂದಿನ ಚಕ್ರಗಳ ಭಾಗಕ್ಕೂ ನಡುವೆ ಬಾಗಿಲಿನ ದೊಡ್ಡ ಬಾಯಿ. ಅವೆರಡನ್ನೂ ಹಿಡಿದಿಟ್ಟಿರುವುದು ನೆಲದ ನಡುವೆ ಉಬ್ಬಿರುವ ಸುರಂಗ ಮತ್ತು ಎರಡು ಪಕ್ಕಗಳ ಹೊಸ್ತಿಲುಗಳು ಮಾತ್ರ.

ಈ ಹೊಸ್ತಿಲು ಒಂಟಿ ತಗಡಲ್ಲ. ಒಳಗೊಂದು ತಗಡು, ಹೊರಗೊಂದು ತಗಡು, ನಡುವೆ ನೆಟ್ಟಗೆ ನಿಂತ ಮೂರನೆಯದು. ಅಡಿಯಲ್ಲಿ ಕೋಟೆಯ ತೆನೆಗಳಂತೆ ಏರಿಳಿತವಿರುವ ಇನ್ನೊಂದು ಪಟ್ಟಿ. ಆ ಆಕಾರದಿಂದಲೇ ಅದಕ್ಕೆ ಕುಶಲಕರ್ಮಿಗಳು 'ಕ್ಯಾಸಲ್' ಎನ್ನುತ್ತಾರೆ. ಎಲ್ಲವೂ ಹೆಚ್ಚುಕಡಿಮೆ 1 ಮಿಲಿಮೀಟರ್ ದಪ್ಪದ ಸಾಧಾರಣ ಉಕ್ಕು. ಇಷ್ಟು ತೆಳ್ಳಗಿನ ತಗಡು ಒಂದು ಕಾರನ್ನು ಹೊರುವುದು ಹೇಗೆ?

ಉತ್ತರ ಬೇಕಾದರೆ ಅಗರಬತ್ತಿಯ ಖಾಲಿ ಪೊಟ್ಟಣವೊಂದನ್ನು ತೆಗೆದುಕೊಳ್ಳಿ. ಎರಡು ತುದಿಗಳನ್ನು ಹಿಡಿದು, ಒದ್ದೆ ಬಟ್ಟೆ ಹಿಂಡುವಂತೆ ತಿರುಚಿ ನೋಡಿ. ಸುಲಭಕ್ಕೆ ಬಗ್ಗುವುದಿಲ್ಲ. ಈಗ ಒಂದೇ ಒಂದು ಅಂಚನ್ನು ಉದ್ದಕ್ಕೂ ಬ್ಲೇಡಿನಿಂದ ಸೀಳಿ, ಮತ್ತೆ ತಿರುಚಿ. ಕಾಗದ ಅಷ್ಟೇ ಇದೆ, ತೂಕವೂ ಅಷ್ಟೇ. ಆದರೆ ಪೊಟ್ಟಣದ ಬಿಗಿ ಎಲ್ಲಿ ಹೋಯಿತು? ಲೆಕ್ಕ ಹಾಕಿದರೆ ಬೆರಗಾಗುತ್ತದೆ. 20 ಮಿ.ಮೀ. ತ್ರಿಜ್ಯ, 1 ಮಿ.ಮೀ. ದಪ್ಪದ ಉಕ್ಕಿನ ಕೊಳವೆಯೊಂದನ್ನು ಉದ್ದಕ್ಕೂ ಸೀಳಿದರೆ, ತಿರುಚುವಿಕೆಯನ್ನು ತಡೆಯುವ ಅದರ ಬಿಗಿ ಸುಮಾರು 1200 ಪಟ್ಟು ಇಳಿಯುತ್ತದೆ. ಪೊಳ್ಳು ಪೆಟ್ಟಿಗೆಯ ಬಲವಿರುವುದು ತಗಡಿಗಿಂತ ಹೆಚ್ಚಾಗಿ ಅದರ ಕೂಡುಗೆರೆಯಲ್ಲಿ. ಹಳೆಯ ಕಾರಿನಲ್ಲಿ ತುಕ್ಕು ಮೊದಲು ಕೈಹಾಕುವುದೂ ಆ ಕೂಡುಗೆರೆಗೇ.

ಗೆದ್ದಲಿನ ಕೆಲಸ

ಕಬ್ಬಿಣ ತುಕ್ಕು ಹಿಡಿಯಲು ನೀರು, ಆಮ್ಲಜನಕ ಎರಡೂ ಬೇಕೆಂದು ಪ್ರೌಢಶಾಲೆಯ ಮಕ್ಕಳೆಲ್ಲ ಬಲ್ಲರು. ಮೂರು ಪ್ರನಾಳಗಳಲ್ಲಿ ಮೂರು ಮೊಳೆ ಹಾಕಿಟ್ಟು ನೋಡುವ ಪ್ರಯೋಗ ಯಾರಿಗೆ ಗೊತ್ತಿಲ್ಲ? ಹಾಗಿದ್ದರೆ ಗಾಳಿ ಚೆನ್ನಾಗಿ ತಾಗುವ ಜಾಗವೇ ಮೊದಲು ಸವೆಯಬೇಕು. ಕಾರಿನಲ್ಲಿ ಆಗುವುದು ಇದಕ್ಕೆ ವಿರುದ್ಧ. ಎರಡು ತಗಡುಗಳು ಅಂಟಿಕೊಂಡಿರುವ, ಗಾಳಿಯೇ ಸುಳಿಯದ ಸಂದಿಯಲ್ಲಿ ಲೋಹ ಬೇಗ ಕರಗುತ್ತದೆ.

ಇಲ್ಲಿ ನಡೆಯುವುದು ಒಂದು ಸಣ್ಣ ವಿದ್ಯುತ್ಕೋಶದ ಕೆಲಸ. ಸಂದಿಯ ಬಾಯಲ್ಲಿರುವ ನೀರಿಗೆ ಗಾಳಿಯಿಂದ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ. ಒಳಗಿನ ನೀರಿಗೆ ಸಿಗುವುದಿಲ್ಲ. ಆಮ್ಲಜನಕ ಹೆಚ್ಚಿರುವ ಕಡೆ ಕ್ಯಾಥೋಡ್ ಆಗುತ್ತದೆ, ಕೊರತೆ ಇರುವ ಕಡೆ ಆನೋಡ್. ಆನೋಡಿನ ಕಬ್ಬಿಣ ತನ್ನ ಇಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ಅಯಾನಾಗಿ ಕರಗುತ್ತದೆ. ಬ್ರಿಟನ್ನಿನ ಚಳಿಗಾಲದಲ್ಲಿ ರಸ್ತೆಯ ಮೇಲೆ ಮಂಜುಗಡ್ಡೆ ಕಟ್ಟದಿರಲೆಂದು ಉಪ್ಪು ಎರಚುತ್ತಾರೆ. ಉಪ್ಪುನೀರು ವಿದ್ಯುತ್ತಿಗೆ ಒಳ್ಳೆಯ ದಾರಿ. ಕೋಶದ ಕೆಲಸ ಇನ್ನಷ್ಟು ಚುರುಕು. ಕಡಲ ಗಾಳಿ ಬೀಸುವ ಮಂಗಳೂರು, ಕಾರವಾರಗಳ ವಾಹನ ಮಾಲೀಕರಿಗೆ ಈ ಕಷ್ಟವನ್ನು ವಿವರಿಸಬೇಕಾಗಿಲ್ಲ.

ಎಂ.ಜಿ.ಬಿ.ಯಲ್ಲಿ ಮುಂದಿನ ಚಕ್ರ ಎರಚಿದ ಕೆಸರು ಚಕ್ರದ ಹಿಂಭಾಗದ ಮೂಲೆಯಲ್ಲಿ ಶೇಖರವಾಗಿ, ಒದ್ದೆಯಾಗಿಯೇ ಉಳಿದು, ಕ್ರಮೇಣ ಹೊಸ್ತಿಲಿನ ಪೆಟ್ಟಿಗೆಯೊಳಗೆ ದಾರಿ ಮಾಡಿಕೊಳ್ಳುತ್ತದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹಲವು ಪಟ್ಟು ಹೆಚ್ಚು ಜಾಗ ಬೇಡುತ್ತದೆ. ಹಾಗಾಗಿ ಅದು ತಗಡುಗಳ ನಡುವೆ ಬೆಣೆಯಂತೆ ಉಬ್ಬಿ, ಒಂದು ಬೆಸುಗೆಗೂ ಮತ್ತೊಂದಕ್ಕೂ ನಡುವಿನ ಅಂಚನ್ನು ಅಗಲಿಸುತ್ತದೆ. ಅಗಲಿದ ಬಾಯಿಗೆ ಮತ್ತಷ್ಟು ನೀರು. ಗೆದ್ದಲು ಹಿಡಿದ ಮರದ ಕಂಬದಂತೆ, ಮೇಲಿನ ಬಣ್ಣ ಮಾತ್ರ ನಗುತ್ತಿರುತ್ತದೆ. ಸ್ಕ್ರೂಡ್ರೈವರಿನ ತುದಿ ಒತ್ತಿದಾಗ ಸುದ್ದಿ ಹೊರಬರುತ್ತದೆ.

ಇಂಥ ಹೊಸ್ತಿಲನ್ನು ಸರಿಮಾಡಲು ಎರಡು ದಾರಿಗಳಿವೆ. ಮೊದಲನೆಯದು ಅಗ್ಗದ್ದು. ಹಳೆಯದನ್ನು ಮುಟ್ಟದೆ ಮೇಲಿನಿಂದ ಹೊಸ ತಗಡನ್ನು ಹೊದಿಸಿ, ಅಂಚು ಬೆಸೆದು, ಪುಟ್ಟಿ ಬಳಿದು, ಉಜ್ಜಿ, ಬಣ್ಣ ಹೊಡೆಯುವುದು. ಅರ್ಧ ದಿನದ ಕೆಲಸ. ಒಳಗಿನ ತುಕ್ಕು ಹಾಗೆಯೇ ಉಳಿದು ಹೊಸ ತಗಡನ್ನೂ ತಿನ್ನತೊಡಗುತ್ತದೆ. ಎದುರಿನಿಂದ ಡಿಕ್ಕಿಯಾದ ದಿನ ಆ ಕಾರು ಬಾಗಿಲ ಜಾಗದಲ್ಲಿ ಮಡಚಿಕೊಳ್ಳಬಹುದು, ಒಳಗೆ ಮನುಷ್ಯರಿರುತ್ತಾರೆ. ಇದನ್ನು ದುರಸ್ತಿ ಎನ್ನುವುದು ಮಾತಿನ ಸೌಜನ್ಯ ಅಷ್ಟೇ. ನಿಜವಾಗಿ ಇದು ಕಣ್ಣಿಗೆ ಮಣ್ಣೆರಚುವ ಕೆಲಸ.

ಕತ್ತರಿಸುವ ಮುನ್ನ

ಎರಡನೆಯ ದಾರಿ ವಾರಗಟ್ಟಲೆ ಹಿಡಿಯುತ್ತದೆ. ಕೊಳೆತದ್ದನ್ನೆಲ್ಲ ತೆಗೆದು, ಕಾರ್ಖಾನೆಯಲ್ಲಿ ಯಾವ ತಗಡು ಎಲ್ಲಿ ಸೇರಿತ್ತೋ ಅಲ್ಲಿಯೇ ಹೊಸದನ್ನು ಕೂಡಿಸುವುದು. ಹೊಸ್ತಿಲಿನ ಮುಂದಿನ ತುದಿ ಚಕ್ರದ ಮೇಲಿನ ಮಡ್‌ಗಾರ್ಡಿನ ಮರೆಯಲ್ಲಿದೆ. ಪುಣ್ಯಕ್ಕೆ ಈ ಕಾರಿನಲ್ಲಿ ಮುಂದಿನ ಮಡ್‌ಗಾರ್ಡನ್ನು ಬೋಲ್ಟುಗಳಿಂದ ಬಿಗಿದಿದ್ದಾರೆ, ಕಳಚಿ ಪಕ್ಕಕ್ಕಿಡಬಹುದು. ಹಿಂದಿನದು ಬೆಸೆದದ್ದು. ಅದರ ಕೆಳತುದಿಯನ್ನು ಕತ್ತರಿಸದೆ ಹೊಸ್ತಿಲಿನ ಹಿಂದಿನ ತುದಿ ಕಾಣುವುದಿಲ್ಲ. ಈ ರಗಳೆ ಬೇಡವೆಂದೇ ಅನೇಕರು ಹೊರಗೆ ಕಾಣುವಷ್ಟು ಭಾಗವನ್ನು ಮಾತ್ರ ಬದಲಿಸಿ ಕೈತೊಳೆದುಕೊಳ್ಳುತ್ತಾರೆ.

ಇಲ್ಲಿ ಅನನುಭವಿಗಳು ಮಾಡುವ ದೊಡ್ಡ ತಪ್ಪು ಗ್ರೈಂಡರನ್ನು ಬೇಗ ಕೈಗೆತ್ತಿಕೊಳ್ಳುವುದು. ಹೊಸ್ತಿಲು ಎಷ್ಟೇ ಕೊಳೆತಿದ್ದರೂ ಇಷ್ಟು ದಿನ ಕಾರನ್ನು ಹಿಡಿದು ನಿಲ್ಲಿಸಿದೆ. ಅದನ್ನು ಕಡಿದ ಕೂಡಲೇ ಬಾಡಿ ನಡುವೆ ಜಗ್ಗಬಹುದು. ಬಾಗಿಲ ಸಂದಿಯ ಮೇಲ್ಭಾಗ ಕಿರಿದಾಗುತ್ತದೆ, ಕೆಳಭಾಗ ಅಗಲವಾಗುತ್ತದೆ. ಜಗ್ಗಿದ ಸ್ಥಿತಿಯಲ್ಲೇ ಹೊಸ ತಗಡನ್ನು ಬೆಸೆದುಬಿಟ್ಟರೆ ಮುಗಿಯಿತು: ಸೊಟ್ಟತನವೇ ಶಾಶ್ವತ. ಬಾಗಿಲು ಮತ್ತೆಂದೂ ಸರಿಯಾಗಿ ಕೂರುವುದಿಲ್ಲ.

ಆದ್ದರಿಂದ ಅನುಭವಸ್ಥರು ಮೊದಲು ಕಾರನ್ನು ಸಮತಟ್ಟಾದ ನೆಲದ ಮೇಲೆ, ಭಾರ ಸರಿಯಾಗಿ ಹಂಚಿಹೋಗುವಂತೆ ಸ್ಟ್ಯಾಂಡುಗಳ ಮೇಲೆ ನಿಲ್ಲಿಸುತ್ತಾರೆ. ಬಾಗಿಲ ಸುತ್ತಲಿನ ಸಂದಿಯನ್ನು ಹಲವು ಕಡೆ ಅಳೆದು ಬರೆದಿಡುತ್ತಾರೆ. ಬಾಗಿಲು ಕಳಚಿ, ಅದರ ಬಾಯಿಗೆ ಅಡ್ಡಲಾಗಿ ಉಕ್ಕಿನ ಕೊಳವೆಗಳನ್ನು ತಾತ್ಕಾಲಿಕವಾಗಿ ಬಿಗಿಯುತ್ತಾರೆ. ಮುರಿದ ಕಾಲಿಗೆ ದಬ್ಬೆ ಕಟ್ಟುವ ಹಾಗೆ. ಒಂದು ಪಕ್ಕದ ಕೆಲಸ ಪೂರ್ತಿ ಮುಗಿಯುವವರೆಗೆ ಇನ್ನೊಂದು ಪಕ್ಕವನ್ನು ಮುಟ್ಟುವುದಿಲ್ಲ. ಬ್ಯಾಟರಿಯ ಸಂಪರ್ಕ ತೆಗೆಯುತ್ತಾರೆ. ಹಿಂದುಗಡೆ ಇರುವ ಪೆಟ್ರೋಲ್ ಟ್ಯಾಂಕನ್ನು ಕಾರಿನಿಂದಲೇ ಬಿಚ್ಚಿ ದೂರ ಒಯ್ಯುತ್ತಾರೆ. ಪೆಟ್ರೋಲ್ ಬಸಿದರೆ ಸಾಲದೇ ಎಂದು ಕೇಳಬಹುದು. ಸಾಲದು. ತುಂಬಿದ ಟ್ಯಾಂಕಿಗಿಂತ ಖಾಲಿ ಟ್ಯಾಂಕು ಹೆಚ್ಚು ಅಪಾಯಕಾರಿ. ಸಿಡಿಯುವುದು ದ್ರವವಲ್ಲ, ಗಾಳಿಯೊಡನೆ ಬೆರೆತ ಆವಿ.

ಎರಡು ಸಾವಿರ ಜೂಲ್

ಹಳೆಯ ತಗಡನ್ನು ಬಿಡಿಸಬೇಕಾದರೆ ಕಾರ್ಖಾನೆಯವರು ಅದನ್ನು ಕೂಡಿಸಿದ್ದು ಹೇಗೆಂದು ತಿಳಿದಿರಬೇಕು. ಅದು ಸ್ಪಾಟ್ ವೆಲ್ಡಿಂಗ್, ಎಂದರೆ ಚುಕ್ಕೆ ಬೆಸುಗೆ. ವಿದ್ಯುತ್ ರೋಧದ ಬಿಸಿಯಿಂದ ಲೋಹ ಬೆಸೆಯುವ ವಿಧಾನಕ್ಕೆ ಅಮೆರಿಕದ ಎಲಿಹು ಥಾಮ್ಸನ್ 1886ರಲ್ಲಿ ಪೇಟೆಂಟ್ ಪಡೆದಿದ್ದ. ಫಿಲಡೆಲ್ಫಿಯಾದ ಎಡ್ವರ್ಡ್ ಬಡ್ ಮರದ ಚೌಕಟ್ಟನ್ನು ಬಿಟ್ಟು ಪೂರ್ತಿ ಉಕ್ಕಿನ ಬಾಡಿಗಳನ್ನು ಮಾಡತೊಡಗಿದ. 1914ರ ಡಾಡ್ಜ್ ಕಾರಿಗೆ ಅಂಥ ಬಾಡಿ ಇತ್ತು. ಬಡ್ ಮತ್ತು ಬ್ರಿಟನ್ನಿನ ವಿಲಿಯಂ ಮಾರಿಸ್ ಕೂಡಿ 1926ರಲ್ಲಿ ಆಕ್ಸ್‌ಫರ್ಡಿನ ಕೌಲಿಯಲ್ಲಿ 'ಪ್ರೆಸ್ಡ್ ಸ್ಟೀಲ್' ಕಂಪನಿಯನ್ನು ತೆರೆದರು. ಎಂ.ಜಿ.ಬಿ.ಯ ಬಾಡಿಗಳು ಬಂದದ್ದು ಇದೇ ಕಂಪನಿಯ ಸ್ವಿಂಡನ್ ಕಾರ್ಖಾನೆಯಿಂದ.

ಚುಕ್ಕೆ ಬೆಸುಗೆಯ ತತ್ವ ಹತ್ತನೆಯ ತರಗತಿಯ ಪಾಠ. ಶಾಖ = ಪ್ರವಾಹದ ವರ್ಗ × ರೋಧ × ಕಾಲ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುವ ಈ ಜೂಲ್ ನಿಯಮ ಕಾರ್ಖಾನೆಯಲ್ಲಿ ಏನು ಮಾಡುತ್ತದೆ ನೋಡಿ. ಎರಡು ತಗಡುಗಳನ್ನು ಒಂದರ ಮೇಲೊಂದಿಟ್ಟು ತಾಮ್ರದ ಎರಡು ಮೊನೆಗಳ ನಡುವೆ ಬಲವಾಗಿ ಒತ್ತಿ ಹಿಡಿಯುತ್ತಾರೆ. ವೋಲ್ಟೇಜು ಕೆಲವೇ ವೋಲ್ಟ್; ಆದರೆ ಪ್ರವಾಹ 10,000 ಆಂಪಿಯರ್‌ನಷ್ಟು! ತಗಡುಗಳು ಕೂಡುವ ಜಾಗದ ರೋಧ 1 ಓಮಿನ ಹತ್ತು ಸಾವಿರದ ಒಂದಂಶ ಎಂದಿಟ್ಟುಕೊಳ್ಳಿ. ಕಾಲ 0.2 ಸೆಕೆಂಡ್. ಗುಣಿಸಿದರೆ 2000 ಜೂಲ್ ಬರುತ್ತದೆ. ಕೇಳಲು ಅಷ್ಟೇನೂ ಅಲ್ಲ, ಅರ್ಧ ಲೋಟ ನೀರೂ ಬೆಚ್ಚಗಾಗದು. ಆದರೆ ಇಲ್ಲಿ ಬಿಸಿಯಾಗುವುದು ಒಂದು ಗ್ರಾಂಗಿಂತ ಕಡಿಮೆ ಉಕ್ಕು, ಅದೂ ಕಣ್ಣು ಮಿಟುಕಿಸುವಷ್ಟರಲ್ಲಿ. ಬಟಾಣಿ ಗಾತ್ರದ ಚುಕ್ಕೆಯೊಂದು ಕರಗಿ ಎರಡು ತಗಡುಗಳೂ ಒಂದಾಗುತ್ತವೆ. ತಾಮ್ರ ಕರಗುವುದು ಉಕ್ಕಿಗಿಂತ ಕಡಿಮೆ ಉಷ್ಣತೆಯಲ್ಲಾದರೂ ಮೊನೆಗಳು ಕರಗುವುದಿಲ್ಲ. ತಾಮ್ರದ ರೋಧ ಕಡಿಮೆ, ಜೊತೆಗೆ ಒಳಗೆ ತಣ್ಣೀರು ಹರಿಯುತ್ತಿರುತ್ತದೆ.

ದುರಸ್ತಿಗಾರ ಈ ಚುಕ್ಕೆಗಳನ್ನು ಒಂದೊಂದಾಗಿ ಹುಡುಕಬೇಕು. ತಂತಿಯ ಬ್ರಷ್ಷಿನಿಂದ ಬಣ್ಣ ಉಜ್ಜಿದರೆ ಅಂಚಿನುದ್ದಕ್ಕೂ ಸಣ್ಣ ತಗ್ಗುಗಳು ಕಾಣಿಸುತ್ತವೆ. ಪ್ರತಿಯೊಂದರ ನಡುವೆ ಪಂಚಿನಿಂದ ಗುರುತು ಹೊಡೆದು, ವಿಶೇಷ ಡ್ರಿಲ್ಲಿನಿಂದ ಮೇಲಿನ ತಗಡನ್ನು ಮಾತ್ರ ಕೊರೆಯಬೇಕು. ಕೆಳಗಿನದು ಉಳಿಯಬೇಕು. ಅಳತೆ 1 ಮಿ.ಮೀ.; ಕೈ ಸ್ವಲ್ಪ ಹೆಚ್ಚು ಒತ್ತಿದರೂ ಒಳ್ಳೆಯ ತಗಡಿಗೆ ತೂತು. ಆಮೇಲೆ ತೆಳ್ಳನೆಯ ಉಳಿಯಿಂದ ಮೀಟಿದರೆ ಹಳೆಯ ಹೊಸ್ತಿಲು ಕೈಗೆ ಬರುತ್ತದೆ, ಬೊಗಸೆ ತುಂಬ ಕೆಂಪು ಪುಡಿಯೊಂದಿಗೆ. ಕೆಲವು ಕಾರುಗಳಲ್ಲಿ ಹಿಂದಿನ ಮೂರು ನಾಲ್ಕು ದುರಸ್ತಿಗಳ ತೇಪೆಗಳು ಪದರಪದರವಾಗಿ ಸಿಗುವುದೂ ಉಂಟು.

ಹೊಸ ತಗಡನ್ನು ಕೂರಿಸುವಾಗ ಗ್ಯಾರೇಜುಗಳಲ್ಲಿ ಸಾಮಾನ್ಯವಾಗಿ ಬಳಸುವುದು ಮಿಗ್ ವೆಲ್ಡಿಂಗ್. ಕೂದಲಿಗಿಂತ ಹಲವು ಪಟ್ಟು ದಪ್ಪನೆಯ, 0.6 ಅಥವಾ 0.8 ಮಿ.ಮೀ. ತಂತಿ ಯಂತ್ರದ ಮೊನೆಯಿಂದ ತಾನೇ ಹೊರಬರುತ್ತ ಚಾಪದಲ್ಲಿ ಕರಗುತ್ತದೆ. ಸುತ್ತಲೂ ಆರ್ಗಾನ್ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲಗಳ ಮಿಶ್ರಣ ಹರಿದು ಗಾಳಿಯನ್ನು ದೂರವಿಡುತ್ತದೆ. ಹೊಸ ತಗಡಿನ ಅಂಚಿನಲ್ಲಿ, ಹಳೆಯ ಚುಕ್ಕೆಗಳಿದ್ದ ಕಡೆ 5-6 ಮಿ.ಮೀ. ತೂತುಗಳನ್ನು ಕೊರೆದು, ಆ ತೂತುಗಳನ್ನು ಕೆಳಗಿನ ತಗಡಿನ ಸಮೇತ ಕರಗಿದ ಲೋಹದಿಂದ ತುಂಬುತ್ತಾರೆ. ನೋಟಕ್ಕೆ ಕಾರ್ಖಾನೆಯ ಚುಕ್ಕೆಯಂತೆಯೇ. ಚಾಪದ ನೇರಳಾತೀತ ಕಿರಣಗಳನ್ನು ಬರಿಗಣ್ಣಿನಿಂದ ನೋಡಿದರೆ ರಾತ್ರಿಯೆಲ್ಲ ಕಣ್ಣಿಗೆ ಮರಳು ಹೊಯ್ದಂತಾಗುತ್ತದೆ. ಬೀದಿಬದಿಯ ವೆಲ್ಡಿಂಗನ್ನು ನಿಂತು ನೋಡುವ ಹುಡುಗರಿಗೆ ಮನೆಯವರು ಇದನ್ನು ಹೇಳಿಯೇ ಇಡಬೇಕು.

ಮತ್ತೊಂದು ತೊಡಕು ಶಾಖದ್ದು. 1 ಮೀಟರ್ ಉಕ್ಕಿನ ಉಷ್ಣತೆ 100 ಡಿಗ್ರಿ ಏರಿದರೆ ಉದ್ದ 1.2 ಮಿ.ಮೀ. ಹೆಚ್ಚುತ್ತದೆ. ಬೆಸುಗೆಯ ಜಾಗದಲ್ಲಿ ಉಷ್ಣತೆ 1500 ಡಿಗ್ರಿ ದಾಟಿರುತ್ತದೆ, ಒಂದು ಗೇಣು ಆಚೆಗೆ ತಗಡು ತಣ್ಣಗೇ ಇರುತ್ತದೆ. ಬಿಸಿಯಾದದ್ದು ಹಿಗ್ಗಲು ಜಾಗವಿಲ್ಲದೆ ಒತ್ತಿಕೊಳ್ಳುತ್ತದೆ. ಆರುವಾಗ ಕುಗ್ಗಿ ಸುತ್ತಲಿನ ತಗಡನ್ನು ತನ್ನತ್ತ ಎಳೆಯುತ್ತದೆ. ಒಂದೇ ಓಟದಲ್ಲಿ ಉದ್ದಕ್ಕೆ ಬೆಸೆದರೆ ತಗಡು ಬಿಸಿಲಿಗಿಟ್ಟ ಹಪ್ಪಳದಂತೆ ಅಲೆಯಲೆಯಾಗುತ್ತದೆ. ಅದಕ್ಕೇ ನುರಿತ ಕೆಲಸಗಾರ ಇಲ್ಲೊಂದು ಟ್ಯಾಕ್ ಹಾಕಿ, ಆರಲು ಬಿಟ್ಟು, ಆ ತುದಿಗೆ ಹೋಗಿ ಅಲ್ಲೊಂದು ಹಾಕುತ್ತಾನೆ. ನಡುನಡುವೆ ಬಾಗಿಲನ್ನು ತಂದು ಕೂರಿಸಿ ಸಂದಿ ಅಳೆಯುತ್ತಾನೆ. ಹೊರಗಿನಿಂದ ನೋಡುವವರಿಗೆ ಆತ ಕೆಲಸ ಮಾಡುವುದಕ್ಕಿಂತ ಕಾಯುವುದೇ ಹೆಚ್ಚೆಂದು ತೋರುತ್ತದೆ. ನಮ್ಮ ಐ.ಟಿ.ಐ.ಗಳಲ್ಲಿ ವೆಲ್ಡರ್ ತರಬೇತಿಗೆ ಸೇರುವ ಹುಡುಗರನ್ನು ಓದಿನಲ್ಲಿ ಹಿಂದೆ ಬಿದ್ದವರೆಂದು ಭಾವಿಸುವ ತಂದೆತಾಯಿಗಳು ಈ ಕಾಯುವಿಕೆಯಲ್ಲಿ ಎಷ್ಟು ಭೌತಶಾಸ್ತ್ರವಿದೆಯೆಂದು ಒಮ್ಮೆ ಯೋಚಿಸಬಹುದು.

ಬೆಸುಗೆಯ ಮುನ್ನ ತಗಡುಗಳ ಒಳಮುಖಕ್ಕೆ ಸತುವಿನ ಪುಡಿ ಬೆರೆತ ಬಣ್ಣ ಬಳಿಯುತ್ತಾರೆ. ಸತು ಕಬ್ಬಿಣಕ್ಕಿಂತ ಮೊದಲು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಆದರೆ ಸತು 907 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕುದಿಯುತ್ತದೆ, ಕಬ್ಬಿಣ ಕರಗುವುದು 1538ಕ್ಕೆ. ಹೀಗಾಗಿ ಬೆಸೆಯುವಾಗ ಬಿಳಿಯ ಹೊಗೆ ಏಳುತ್ತದೆ. ಮುಚ್ಚಿದ ಕೋಣೆಯಲ್ಲಿ ಅದನ್ನು ಉಸಿರಾಡಿದವರಿಗೆ ಸಂಜೆಗೆ ಚಳಿಜ್ವರ ಬರಬಹುದು. ಕಿಟಕಿ ಬಾಗಿಲು ತೆರೆದಿರಬೇಕು, ಮುಖವಾಡವಿರಬೇಕು.

ಮತ್ತೆ ಎದ್ದ ಅಚ್ಚುಗಳು

ಈ ಹೊಸ ತಗಡುಗಳು ಬರುವುದೆಲ್ಲಿಂದ? ಆಬಿಂಗ್‌ಡನ್ ಕಾರ್ಖಾನೆ 1980ರಲ್ಲಿ ಬಾಗಿಲು ಹಾಕಿತು. ಬಾಡಿ ಒತ್ತುವ ಭಾರಿ ಅಚ್ಚುಗಳು ಮೂಲೆ ಸೇರಿದವು. ಬ್ರಿಟಿಷ್ ಮೋಟಾರ್ ಹೆರಿಟೇಜ್ ಎಂಬ ಸಂಸ್ಥೆ ಅವುಗಳನ್ನು ಹುಡುಕಿ ತೆಗೆಸಿ, 1988ರಲ್ಲಿ ಎಂ.ಜಿ.ಬಿ.ಯ ಇಡೀ ಬಾಡಿಯನ್ನೇ ಹೊಸದಾಗಿ ತಯಾರಿಸಿ ಮಾರತೊಡಗಿತು. ಹಳೆಯ ಕಾರಿನ ಎಂಜಿನ್, ಗೇರುಪೆಟ್ಟಿಗೆ, ಚಕ್ರಗಳನ್ನು ಬಿಚ್ಚಿ ಹೊಸ ಮೈಗೆ ಜೋಡಿಸಿದರಾಯಿತು! ಇದರ ಮುಂದಿನ ತಿರುವು ಇನ್ನೂ ಸ್ವಾರಸ್ಯವಾದದ್ದು. ದುರಸ್ತಿಗೆಂದು ಹುಟ್ಟಿದ ಈ ಬಾಡಿಯನ್ನೇ ತಿದ್ದಿ, ವಿ-8 ಎಂಜಿನ್ ಕೂರಿಸಿ, 1992ರಲ್ಲಿ 'ಎಂ.ಜಿ. ಆರ್.ವಿ.8' ಎಂಬ ಹೊಸ ಕಾರನ್ನೇ ಹೊರತಂದರು. ಸುಮಾರು 2000 ಕಾರುಗಳು ತಯಾರಾಗಿ, ಅವುಗಳಲ್ಲಿ ಹೆಚ್ಚಿನವು ಜಪಾನಿಗೆ ಹೋದವು.

ಪೂರ್ತಿ ಮೈ ಬದಲಿಸಿದ ಮೇಲೆ ಅದು ಅದೇ ಕಾರೇ ಎಂಬ ಜಗಳ ಹಳೆಯ ಕಾರು ಪ್ರೇಮಿಗಳಲ್ಲಿ ಮುಗಿದಿಲ್ಲ. ಆ ವಾದದಲ್ಲಿ ಹೆಚ್ಚು ಹುರುಳಿಲ್ಲ. ಕೊಳೆತ ಹೊಸ್ತಿಲಿನ ಅಸಲಿ ಕಾರಿಗಿಂತ ಗಟ್ಟಿ ಹೊಸ್ತಿಲಿನ ಬದಲಿ ಕಾರಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಹೋಗುವುದು ಮೇಲು.

ಬ್ರಿಟನ್ನಿನಲ್ಲಿ ವಾಹನಗಳಿಗೆ ವರ್ಷಕ್ಕೊಮ್ಮೆ ಎಂ.ಒ.ಟಿ. ಎಂಬ ಪರೀಕ್ಷೆ ಇದೆ. ಆರಂಭವಾದದ್ದು 1960ರಲ್ಲಿ. ಸೀಟ್ ಬೆಲ್ಟ್, ಸಸ್ಪೆನ್ಷನ್, ಸ್ಟಿಯರಿಂಗ್ ಬಿಗಿದಿರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ಲೋಹ ತುಕ್ಕಿನಿಂದ ದುರ್ಬಲವಾಗಿದ್ದರೆ ಕಾರು ನಪಾಸು. ಪರೀಕ್ಷಕ ಹೊಸ್ತಿಲನ್ನು ಮೆಲ್ಲಗೆ ತಟ್ಟಿ ಸದ್ದು ಕೇಳುತ್ತಾನೆ. ಗಟ್ಟಿ ತಗಡು ಖಣ್ ಎನ್ನುತ್ತದೆ, ಪುಟ್ಟಿ ತುಂಬಿದ್ದು ಮಂಕಾಗಿ ಗೊರಗುಟ್ಟುತ್ತದೆ. ಆದರೆ 2018ರ ಮೇ ತಿಂಗಳಿನಿಂದ, ಗಣನೀಯ ಬದಲಾವಣೆಗಳಾಗದ 40 ವರ್ಷಕ್ಕೂ ಹಳೆಯ ಕಾರುಗಳಿಗೆ ಈ ಪರೀಕ್ಷೆ ಕಡ್ಡಾಯವಲ್ಲ. 1980ರಲ್ಲಿ ಬಂದ ಕೊನೆಯ ಎಂ.ಜಿ.ಬಿ.ಗಳಿಗೂ ಈಗ ಆ ವಯಸ್ಸು ಮೀರಿದೆ. ಕಾರು ಸುಸ್ಥಿತಿಯಲ್ಲಿರಬೇಕೆಂಬ ಕಾನೂನೇನೋ ಹಾಗೆಯೇ ಇದೆ. ತಟ್ಟಿ ನೋಡುವ ಹೊಣೆ ಮಾತ್ರ ಮಾಲೀಕನ ತಲೆಗೆ ಬಂತು.

ಹೊಸ ಹೊಸ್ತಿಲು ಕೂತು, ಬಾಗಿಲ ಅಡ್ಡಗೊಳವೆಗಳನ್ನು ಕತ್ತರಿಸಿ ತೆಗೆದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ. ಉದ್ದನೆಯ ನಳಿಕೆಯನ್ನು ಹೊಸ್ತಿಲಿನ ಪೊಳ್ಳಿನೊಳಗೆ ತೂರಿಸಿ ತೆಳು ಮೇಣವನ್ನು ಸಿಂಪಡಿಸುತ್ತಾರೆ. ಅದು ಹರಿದು, ಕೈಗೂ ಕಣ್ಣಿಗೂ ಸಿಗದ ಸಂದಿಗಳಿಗೆ ಇಳಿದು ಕೂಡುಗೆರೆಗಳನ್ನು ಮುಚ್ಚುತ್ತದೆ. ಮೇಣ ಆರಿದ ಮೇಲೆ ಕಾರಿನಡಿ ಮಲಗಿ, ಅಡಿಯಲ್ಲಿ ನೀರು ಬಸಿಯಲೆಂದು ಬಿಟ್ಟಿರುವ ತೆರಪುಗಳಿಗೆ ಒಂದೊಂದಾಗಿ ತಂತಿ ಹಾಕಿ, ಮೇಣದಿಂದ ಕಟ್ಟಿಕೊಂಡವನ್ನು ಬಿಡಿಸುತ್ತಾರೆ.